ನೀರಿನೊಳಗೆ ಬಂದ ಉಡಿ

ತೆಪ್ಪದಗೇರಿ,
ಹೊಳೆ ನಿಂತ ನಲವತ್ತೊಂದನೇ ವರ್ಷ, ಭಾದ್ರಪದ, ಗಾಳಿ ಇಳಿದ ಮೇಲಿನ ಸೋಮವಾರ.

ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಎಷ್ಟು ಹಾಳೆ ತಿರುವಿದರೂ ಈ ದಿನ ನಿಮಗೆ ಸಿಗುವುದಿಲ್ಲ, ಮಕ್ಕಳೇ. ನೀವು ಏಳನೇ ಇಯತ್ತೆಯ ಬೆಂಚಿನ ಮೇಲೆ ಕೂತು ಅಲೆಗಳ ಪಾಠ ಓದುವ ಹೊತ್ತಿಗೆ ನಾನು ಹುಟ್ಟಿಲ್ಲ, ನನ್ನ ಅಜ್ಜಿಯ ಅಜ್ಜಿಯೂ ಹುಟ್ಟಿರಲಿಕ್ಕಿಲ್ಲ. ಹುಟ್ಟದವಳು ಬರೆದ ಪತ್ರ ನಿಮ್ಮ ಕೈಗೆ ಹೇಗೆ ಬರುತ್ತದೆ ಎಂದು ನನ್ನನ್ನು ಕೇಳಬೇಡಿ. ಆ ಭಾರವನ್ನು ನಮ್ಮ ಹೊಳೆವ್ವನ ಮೇಲೆ ಹಾಕಿ ಬರೆಯಲು ಕೂತಿದ್ದೇನೆ. ನನ್ನ ಕೆಲವು ಮಾತು ನಿಮಗೆ ಹೊಸದಾಗಿ, ಕೆಲವು ಒರಟಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕಲಿತದ್ದು ಊರ ಶಾಲೆಯಲ್ಲಿ, ಅದೂ ಏಳನೆಯವರೆಗೆ. ನಮ್ಮ ಶಾಲೆಯಲ್ಲಿ ಇಂದಿಗೂ ನಿಮ್ಮ ಕಾಲದ ಪಾಠವನ್ನೇ ಹೇಳುತ್ತಾರೆ, ಆದ್ದರಿಂದ ನೀವೂ ನಾನೂ ಒಂದೇ ಪಾಠ ಓದಿದವರು. ನನ್ನ ಹೆಸರು ಶಾವಂತ್ರವ್ವ. ವಯಸ್ಸು ಐವತ್ತು.

ನೀವು ಕೃಷ್ಣೆ ಎಂದು ಕರೆಯುವ ಹೊಳೆ ನಾನು ಸಣ್ಣವಳಿದ್ದಾಗಲೂ ಹರಿಯುತ್ತಿತ್ತು. ಆಮೇಲೆ ಮಳೆ ನಂಬಿಕೆ ತಪ್ಪಿತು, ಕೆಳಗಿನವರು ಕಟ್ಟೆಯನ್ನು ಎತ್ತರಿಸುತ್ತಾ ಹೋದರು, ಒಂದು ವರ್ಷ ಹೊಳೆ ನಿಂತೇಬಿಟ್ಟಿತು. ಹೊಲ, ಮನೆ, ದಾರಿ ಎಲ್ಲದರ ಮೇಲೆ ನೀರು ಹರಡಿಕೊಂಡಿತು. ಊರು ಬಿಡಲು ಒಪ್ಪದವರು ಆಪು ಎಂಬ ನೀರುಹುಲ್ಲಿನ ಸಿವುಡುಗಳನ್ನೂ ಪೀಪಾಯಿಗಳನ್ನೂ ಕಟ್ಟಿ ಅದರ ಮೇಲೆ ಮನೆ ಹೂಡಿದರು. ನಿಮ್ಮ ಕಾಲದ ಪ್ಲಾಸ್ಟಿಕ್ ಪೀಪಾಯಿಗಳು ಇನ್ನೂ ಕೆಡದೆ ನಮ್ಮನ್ನು ಹೊತ್ತಿವೆ, ಅದಕ್ಕಾದರೂ ನಿಮ್ಮನ್ನು ನೆನೆಯುತ್ತೇವೆ. ನಮ್ಮ ಜೋಳ ತೇಲುಮಡಿಯ ಮೇಲೆ ಬೆಳೆಯುತ್ತದೆ, ಅಂದರೆ ಮಣ್ಣು ತುಂಬಿದ ತೆಪ್ಪ. ರೊಟ್ಟಿ ಬೇಯುವುದು ಬಿಸಿಲೊಲೆಯಲ್ಲಿ, ಅದು ಕನ್ನಡಿಗಳಿಂದ ಬಿಸಿಲನ್ನು ಹೆಂಚಿನ ಅಡಿಗೆ ಕೂಡಿಸುವ ಒಲೆ. ರೊಟ್ಟಿ ಬಡಿಯುವಾಗ ನೆಲ ಒಂದು ಕಡೆ ಏಳುತ್ತದೆ, ಒಂದು ಕಡೆ ಇಳಿಯುತ್ತದೆ, ನಮ್ಮ ಕೈ ಅದಕ್ಕೆ ಹೊಂದಿಕೊಂಡು ಬಿಟ್ಟಿದೆ. ತೊಟ್ಟಿಲನ್ನು ಯಾರೂ ತೂಗುವುದಿಲ್ಲ, ನೀರೇ ತೂಗುತ್ತದೆ. ತಂತಿಯಿಲ್ಲದೆ ಮಾತಾಡುವ ಯಂತ್ರ ಕೆಳಗಿನ ಕಟ್ಟೆಯ ಕಚೇರಿಯಲ್ಲಿ ಒಂದಿದೆಯಂತೆ, ನಮ್ಮಂಥವರಿಗೆ ಇಲ್ಲ. ನನ್ನ ಮಗನೂ ಆ ಕಟ್ಟೆಯ ಕೆಲಸದ ಮೇಲೆ ದೂರವಿದ್ದಾನೆ.

ಅಲೆಗೆ ನಾವು ತೆರೆ ಅನ್ನುತ್ತೇವೆ. ತೆರೆಯ ನೆತ್ತಿ ಉಬ್ಬು, ಬುಡ ತಗ್ಗು. ನಿಮ್ಮ ಪುಸ್ತಕದಲ್ಲಿ ಅವೇ ಶೃಂಗ ಮತ್ತು ಗರ್ತ. ನೀರು ಸುಮ್ಮನಿದ್ದಾಗಿನ ಮಟ್ಟದಿಂದ ಉಬ್ಬಿನ ನೆತ್ತಿಯವರೆಗಿನ ಎತ್ತರಕ್ಕೆ ನಮ್ಮ ಮಾತು ‘ಏರು’, ನಿಮ್ಮ ಮಾತು ಕಂಪನ ವಿಸ್ತಾರ. ಅದನ್ನು ತಗ್ಗಿನಿಂದ ಅಳೆದು ಹೆಚ್ಚಿಗೆ ಹೇಳಿದವರನ್ನು ನಮ್ಮಲ್ಲಿ ಬಡಾಯಿಕೋರ ಅನ್ನುತ್ತಾರೆ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ದೂರ ತೆರೆಯ ‘ಹೆಜ್ಜೆ’, ಅದೇ ತರಂಗದೂರ. ಒಂದು ಗೊತ್ತಾದ ಹೊತ್ತಿನಲ್ಲಿ ಎಷ್ಟು ತೆರೆ ಬಂದು ಮನೆಗೆ ತಾಗುತ್ತವೆಯೋ ಅದು ‘ಬಡಿತ’, ಅದನ್ನೇ ನೀವು ಆವೃತ್ತಿ ಎಂದು ಬರೆಯುತ್ತೀರಿ. ಹೆಜ್ಜೆಯ ಉದ್ದವನ್ನು ಬಡಿತದಿಂದ ಗುಣಿಸಿದರೆ ತೆರೆಯ ವೇಗ ಸಿಗುತ್ತದೆ. ಇದರಲ್ಲಿ ಕಷ್ಟವೇನೂ ಇಲ್ಲ. ನಡೆಯುವವನ ಹೆಜ್ಜೆ ಎಷ್ಟು ಉದ್ದ, ಗಳಿಗೆಗೆ ಎಷ್ಟು ಹೆಜ್ಜೆ ಹಾಕುತ್ತಾನೆ ಎಂದು ಗೊತ್ತಿದ್ದರೆ ಅವನೆಷ್ಟು ದೂರ ಹೋದ ಎಂದು ನೀವು ಹೇಳುವುದಿಲ್ಲವೇ, ಹಾಗೆ. ನಮಗೆ ಈ ಲೆಕ್ಕ ಪರೀಕ್ಷೆಗಲ್ಲ, ಜೀವಕ್ಕೆ ಬೇಕು. ಏರು ದೊಡ್ಡದಿದ್ದು ಹೆಜ್ಜೆಯೂ ಉದ್ದವಿದ್ದರೆ ದೋಣಿ ಹತ್ತಿ ಇಳಿಯುತ್ತದೆ, ಹೆದರಿಕೆಯಿಲ್ಲ. ಶ್ರಾವಣದ ಪಡುವಣ ಗಾಳಿಯಲ್ಲಿ ಏರು ದೊಡ್ಡದು, ಹೆಜ್ಜೆ ಗಿಡ್ಡ. ದೋಣಿಯ ಮೂಗು ಒಂದು ತೆರೆಯಿಂದ ಇಳಿಯುವ ಮೊದಲೇ ಇನ್ನೊಂದು ಬಂದು ಹೊಡೆಯುತ್ತದೆ. ಆ ತಿಂಗಳು ನಾವು ಯಾರೂ ನಡುನೀರಿಗೆ ಹೋಗುವುದಿಲ್ಲ. ಮುಂಜಾನೆ ಸ್ವಲ್ಪ ಹೊತ್ತು ಗಾಳಿ ಬಿಡುವು ಕೊಡುತ್ತದೆ, ಆದರೆ ಅಷ್ಟರಲ್ಲಿ ಆಚೆ ದಡ ಮುಟ್ಟಲಾಗುವುದಿಲ್ಲ.

ಇಷ್ಟು ತಿಳಿದಿದ್ದೂ ನಾವು ಒಂದು ದೊಡ್ಡ ತಪ್ಪು ತಿಳಿದುಕೊಂಡಿದ್ದೆವು. ಅದನ್ನು ಹೇಳಲೆಂದೇ ಈ ಪತ್ರ.

ಹೊಳೆ ಹರಿಯುತ್ತಿದ್ದ ಕಾಲದಲ್ಲಿ ನಮ್ಮವರು ಹೆಣ್ಣುಮಕ್ಕಳನ್ನು ಹೊಳೆಯ ಕೆಳಗಿನ ಊರುಗಳಿಗೇ ಕೊಡುತ್ತಿದ್ದರು. ಮಗಳು ಚೊಚ್ಚಲ ಬಸುರಿಯಾದಾಗ, ಪಂಚಮಿಯ ಮರುದಿನ, ತವರಿನ ತಾಯಿ ಒಣಗಿದ ಸೋರೆ ಬುರುಡೆಯಲ್ಲಿ ಉಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಕುಪ್ಪಸದ ಕಣ ತುಂಬಿ ಹೊಳೆಯಲ್ಲಿ ಬಿಡುತ್ತಾಳೆ. ಅದು ಉಡಿಬುರುಡೆ. ತಾಯಿಯ ಕೈಯಿಂದ ಹೊರಟು, ನಡುವೆ ಯಾರ ಕೈಯೂ ಮುಟ್ಟದೆ, ನೀರಿನ ಮೇಲೆಯೇ ಮಗಳನ್ನು ಸೇರಬೇಕು. ಸೇರಿದರೆ ಹೊಳೆವ್ವ ಒಪ್ಪಿದಳು, ಹೆರಿಗೆ ಗಂಡನ ಮನೆಯಲ್ಲೇ ಆಗಲಿ ಎಂದರ್ಥ. ಬೆನಕನ ಅಮಾವಾಸ್ಯೆಯೊಳಗೆ ಸೇರದಿದ್ದರೆ ಬಸುರಿಯನ್ನು ತವರಿಗೆ ದಾಟಿಸಿಬಿಡಬೇಕು. ಹೊಳೆ ನಿಂತ ಮೇಲೂ ಪದ್ಧತಿ ನಿಲ್ಲಲಿಲ್ಲ. ಗಾಳಿ ತಳ್ಳಿ ಕೆಲವು ಬುರುಡೆ ಬಂದವು, ಕೆಲವು ಬರಲಿಲ್ಲ. ಹೊಳೆ ಹೋದರೇನು, ಪಡುವಣದಿಂದ ತೆರೆಗಳು ಬರುತ್ತಲೇ ಇವೆಯಲ್ಲ, ಅವು ಹೊತ್ತು ತರುತ್ತವೆ ಎಂದು ಎಲ್ಲರೂ ನಂಬಿದ್ದೆವು. ನಾನೂ ನಂಬಿದ್ದೆ.

ನನ್ನ ಸೊಸೆ ಬಂಗಾರೆವ್ವನ ತವರು ಬಿಳಿಗೊಳ್ಳ, ನಮ್ಮಿಂದ ಒಂದು ಹರಿದಾರಿ, ಅಂದರೆ ಮೂರು ಮೈಲಿ, ಪಡುವಣಕ್ಕೆ, ಗುಡ್ಡಗಳ ಸಂದಿಯಲ್ಲಿದೆ. ಈ ಪಂಚಮಿಗೆ ಅವಳಿಗೆ ಎಂಟು ತಿಂಗಳು ತುಂಬಿತ್ತು. ದಿನಾ ಮುಂಜಾನೆ ತೆಪ್ಪದ ಅಂಚಿಗೆ ನಿಂತು ನೋಡುತ್ತಿದ್ದಳು. ತೆರೆಗಳು ಬಂದವು, ಬುರುಡೆ ಬರಲಿಲ್ಲ. ನಮ್ಮ ಮನೆಯ ಹಿರಿಯಳು ನನ್ನ ನೆಗೆಣ್ಣಿ ಫಕೀರವ್ವ, ನನ್ನ ಗಂಡನ ಅಣ್ಣನ ಹೆಂಡತಿ. ಹೊಳೆವ್ವನ ಪೂಜೆ ಅವಳದೇ, ಅವಳ ಮಾತು ಊರಿಗೇ ಮಾತು. ಒಂದು ದಿನ ಅವಳು ನನ್ನನ್ನು ಕರೆದು ಕೂರಿಸಿಕೊಂಡಳು.

“ಹೊಳೆವ್ವ ಒಲ್ಲೆ ಅಂದಾಳ, ಶಾವಂತ್ರಿ. ಆಕಿ ಒಲ್ಲೆ ಅಂದ ಮ್ಯಾಲ ಇಟ್ಕೊಳ್ಳಾಕ ನಾ ಯಾರು, ನೀ ಯಾರು?”

“ಅಕ್ಕಾ, ಈ ಗಾಳ್ಯಾಗ ದೋಣಿ ಹತ್ತಿಸಿದ್ರ ಹುಡುಗಿ ಉಳಿತಾಳೇನ್ರಿ?”

“ಅಮಾಸಿ ತನಕ ಐತಲ್ಲ. ಬಂದ್ರ ಬರ್ತೈತಿ.”

ಅವಳು ಕಟುಕಿಯಲ್ಲ, ಹೆದರಿದವಳು. ಹಿಂದೆ ಒಬ್ಬಳು ಉಡಿ ಮುಟ್ಟದೆ ಇಲ್ಲೇ ಹೆತ್ತು ತೀರಿಕೊಂಡದ್ದನ್ನು ಕಣ್ಣಾರೆ ಕಂಡಿದ್ದಳು. ಬಂಗಾರೆವ್ವ ಮಾತ್ರ ಅಳಲಿಲ್ಲ. ತೊಡೆಯ ಮೇಲೆ ಮೊರ ಇಟ್ಟುಕೊಂಡು ಜೋಳ ಆರಿಸುತ್ತಾ, “ದೊಡ್ಡತ್ತಿಯವರಿಗೆ ನನ್ನ ಮ್ಯಾಲ ಭಾಳ ಪ್ರೀತಿ, ಅದಕ್ಕ ತವರಿಗೆ ಕಳಸಾಕತ್ತಾರ,” ಅಂದಳು. ಹಾಗಂದವಳ ಕೈ ಮಾತ್ರ ಮೊರದಲ್ಲಿ ಸುಮ್ಮನಾಗಿಬಿಟ್ಟಿತ್ತು.

ಮರುದಿನ ಅವಳು ಮನೆಯ ಮರೆಯಲ್ಲಿ, ಗಾಳಿ ತಾಗದ ಕಡೆ, ಪಾತ್ರೆ ತಿಕ್ಕುತ್ತಿದ್ದಳು. ತೆಂಗಿನ ಪರಟಿಯ ಸೌಟು ಕೈಜಾರಿ ನೀರಿಗೆ ಬಿತ್ತು.

“ಅತ್ತೀ, ಲಗೂನ ಬರ್ರಿ. ಸೌಟು ಬಿತ್ತು.”

“ಬಿದ್ರ ಹಿಡ್ಕೋ.”

“ಹಿಡ್ಕೊಳ್ಳೂದು ಇರ್ಲಿ, ನೋಡ್ರಿ. ಎಲ್ಲಿಗೂ ಹೋಗವಲ್ದು.”

ನಾನು ಹೋಗಿ ನೋಡಿದೆ. ಒಂದು ತೆರೆ ಬಂತು, ಸೌಟು ಅದರ ಮೇಲೆ ಎದ್ದಿತು, ಒಂದು ಗೇಣು ಮುಂದೆ ಸರಿದ ಹಾಗೆ ಮಾಡಿತು, ತೆರೆ ದಾಟಿ ಹೋದ ಮೇಲೆ ಇಳಿದು ಹಿಂದಕ್ಕೇ ಬಂದು ನಿಂತಿತು. ಇನ್ನೊಂದು ತೆರೆ ಬಂತು, ಮತ್ತೆ ಅದೇ. ತೆರೆಗಳೆಲ್ಲ ಅದರ ಅಡಿಯಿಂದ ಹಾದು ಆಪಿನ ಸಾಲಿಗೆ ಬಡಿದು ಸಣ್ಣದಾಗಿ ತಿರುಗಿ ಬರುತ್ತಿದ್ದವು. ಸೌಟು ಬಂದವರಿಗೂ ಹೋದವರಿಗೂ ತಲೆದೂಗುತ್ತಾ ಇದ್ದಲ್ಲೇ ಇತ್ತು. ಇಷ್ಟು ವರ್ಷ ನೀರಿನ ಮೇಲೆ ಬದುಕಿ ನಾನಿದನ್ನು ನೋಡಿರಲಿಲ್ಲವೇ? ನೋಡಿದ್ದೆ. ಗಾಳಿ ತಳ್ಳಿದ್ದನ್ನೂ ತೆರೆ ತಂದದ್ದೆಂದು ಕೂಡಿಸಿ ಲೆಕ್ಕ ಹಾಕಿದ್ದೆ, ಅಷ್ಟೆ.

“ಅಂದ್ರ ಈ ತೆರಿ ನಮ್ಮೂರಿಂದ ಬಂದದ್ದಲ್ಲೇನ್ರಿ?” ಎಂದು ಅವಳು ಕೇಳಿದಳು.

“ತೆರಿ ಬಂದೈತಿ.”

“ಮತ್ತ ನೀರು?”

“ನೀರು ಅಲ್ಲೇ ಐತಿ,” ಅಂದೆ. ಅಂದ ಮೇಲೆ ನನ್ನ ಬಾಯಿಂದ ಬಂದ ಮಾತು ಎಲ್ಲಿಯದು ಎಂದು ಹೊಳೆಯಿತು. ಏಳನೇ ಇಯತ್ತೆಯಲ್ಲಿ ಮಾಸ್ತರರು ಇಡೀ ವರ್ಗದಿಂದ ಹೇಳಿಸುತ್ತಿದ್ದರು: ಅಲೆಯು ಶಕ್ತಿಯನ್ನು ಒಯ್ಯುತ್ತದೆ, ದ್ರವ್ಯವನ್ನು ಒಯ್ಯುವುದಿಲ್ಲ. ನಾವು ಅದನ್ನು ಮಗ್ಗಿಯ ಹಾಗೆ ರಾಗವಾಗಿ ಹೇಳುತ್ತಿದ್ದೆವು. ಅದೇ ಶಾಲೆಯ ಕಿಟಕಿಯ ಕೆಳಗೆ ನೀರು, ನೀರಿನ ಮೇಲೆ ಯಾರದೋ ಉಡಿಬುರುಡೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ.

ಆ ಮಧ್ಯಾಹ್ನ ನಾವಿಬ್ಬರೂ ಒಗೆದ ಸೀರೆಯ ಎರಡು ತುದಿ ಹಿಡಿದು ನಿಂತೆವು. ನಾನು ಒಮ್ಮೆ ಕೈ ಜಾಡಿಸಿದೆ. ನನ್ನ ಕೈಯಲ್ಲಿ ಎದ್ದ ಉಬ್ಬು ಸೀರೆಯುದ್ದಕ್ಕೂ ಓಡಿ ಅವಳ ಕೈಗೆ ತಾಗಿತು. “ಮುಟ್ಟಿತ್ರಿ,” ಅಂದಳು. ಸೀರೆ ಓಡಿರಲಿಲ್ಲ, ಅದರ ಸೆರಗು ನನ್ನ ಮುಷ್ಟಿಯಲ್ಲೇ ಇತ್ತು. ನಾನು ಜಾಡಿಸಿದ್ದು ಮೇಲೆ ಕೆಳಗೆ, ಉಬ್ಬು ಹೋದದ್ದು ಅಡ್ಡಕ್ಕೆ. ಅದಕ್ಕೇ ಪುಸ್ತಕದಲ್ಲಿ ಅಡ್ಡ ತರಂಗ ಅನ್ನುತ್ತಾರೆ. ಜೋರಾಗಿ ಜಾಡಿಸಿದರೆ ಏರು ದೊಡ್ಡದು, ಮೇಲಿಂದ ಮೇಲೆ ಜಾಡಿಸಿದರೆ ಹೆಜ್ಜೆ ಗಿಡ್ಡ. ಸೀರೆ ಒಣಗುವವರೆಗೂ ಆಡಿದೆವು. ಬಹಳ ದಿನದ ಮೇಲೆ ಅವಳು ನಕ್ಕಳು.

ಆದರೆ ಮಕ್ಕಳೇ, ತಿಳಿದದ್ದರಿಂದ ಸಂಕಟ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ತುಂಬಿದ ಬುರುಡೆ ನೀರಿನಲ್ಲಿ ಕಂಠದವರೆಗೆ ಮುಳುಗಿರುತ್ತದೆ, ಗಾಳಿಗೆ ಅದರ ಮೇಲೆ ಹೆಚ್ಚು ಹಿಡಿತವಿಲ್ಲ. ತೆರೆ ಅದನ್ನು ತರುವುದಿಲ್ಲ. ಇಂದು ಬಂದೀತು, ನಾಳೆ ಬಂದೀತು ಎಂಬ ಆಸೆಯೂ ಹೋಯಿತು. ಫಕೀರವ್ವನಿಗೆ ಹೇಳಿದರೆ, “ಹಂಗಾರ ದೋಣಿ ತಯಾರ ಮಾಡ್ರಿ,” ಅಂದಾಳು. ನಾನು ಹೊಳೆವ್ವನ ಮುಂದೆ ಕೂತು, ತಾಯಿ, ಒಂದು ಬಾಗಿಲು ಮುಚ್ಚಿ ತೋರಿಸಿದೆ, ಇನ್ನೊಂದು ಎಲ್ಲಿದೆ ತೋರಿಸು, ಎಂದು ಕೇಳಿಕೊಂಡೆ. ದೇವರ ಕೆಲಸ ಹೇಗೆ ನಡೆಯುತ್ತದೆ ಎಂದು ಇಣುಕಿ ನೋಡುವುದು ಅಪನಂಬಿಕೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಶ್ರಾವಣದ ಒಂದು ಸೋಮವಾರ ಮುಂಜಾನೆ, ಗಾಳಿ ಬಿಟ್ಟ ಹೊತ್ತು, ಇಬ್ಬರೂ ತಲೆಸ್ನಾನಕ್ಕೆ ಇಳಿದೆವು. ನಮ್ಮೂರಿನಲ್ಲಿ ಮುಳುಗು ಹಾಕುವಾಗ ಎರಡು ಹೆಬ್ಬೆರಳು ಕಿವಿಗೆ, ಎರಡು ಬೆರಳು ಮೂಗಿಗೆ. ಹುಟ್ಟಿದಾಗಿನಿಂದ ಹಾಗೆಯೇ ಕಲಿಸುತ್ತಾರೆ, ಕಿವಿಗೆ ನೀರು ಹೊಕ್ಕರೆ ಬುದ್ಧಿ ತೇಲುತ್ತದೆ ಎಂದು. ಬಂಗಾರೆವ್ವ ಕೊಳ್ಳದ ಹುಡುಗಿ, ಅವಳು ಮೂಗು ಮಾತ್ರ ಹಿಡಿಯುತ್ತಾಳೆ. ಇಲ್ಲಿಗೆ ಬಂದ ಮೇಲೆ ಮನೆಯೊಳಗೇ ಮೀಯುತ್ತಿದ್ದವಳು ಮುಂಜಾನೆಯ ನೀರಿಗೆ ಇಳಿದದ್ದು ಅಂದೇ ಮೊದಲು. ಮುಳುಗಿ ಎದ್ದವಳೇ ನನ್ನ ರಟ್ಟೆ ಹಿಡಿದಳು.

“ಅತ್ತೀ, ನಮ್ಮವ್ವ ಕೊಪ್ಪರಿಗಿ ಬಡಿಯಾಕತ್ತಾಳ.”

“ಬಸುರಾಗ ಹಂಗ ಏನೇನರ ಅನಸ್ತೈತಿ. ತಲಿ ಒರಸ್ಕೋ, ಥಂಡಿ ಆದೀತು.”

“ನೀವು ಒಮ್ಮೆ ಮುಳುಗ್ರಿ. ಕಿವಿ ಬಿಟ್ಟು.”

ಬಿಳಿಗೊಳ್ಳದವರು ಮೀನು ಹಿಡಿಯುವ ರೀತಿಯೇ ಬೇರೆ. ಕೊಳ್ಳದ ಬಾಯಿಯಲ್ಲಿ ಬಲೆ ಕಟ್ಟಿ, ಒಳಗಡೆ ದೊಡ್ಡ ಕೊಪ್ಪರಿಗೆಯನ್ನು ಸರಪಳಿಯಿಂದ ನೀರೊಳಗೆ ಇಳಿಬಿಟ್ಟು, ಕಂಠಮಟ್ಟ ನೀರಿನಲ್ಲಿ ನಿಂತು, ಆಗಾಗ ಕಿವಿ ಮುಳುಗಿಸಿ ಕೇಳುತ್ತಾ, ಮರದ ಕೊಡತಿಯಿಂದ ಬಡಿಯುತ್ತಾರೆ. ಸದ್ದಿಗೆ ಬೆದರಿದ ಮೀನು ಬಲೆಯ ಕಡೆ ಓಡುತ್ತದೆ. ಬಡಿಯುವ ಕೆಲಸ ಬಂಗಾರೆವ್ವನ ತಾಯಿ ದ್ಯಾಮವ್ವನದು. ಅಲ್ಲಿಂದ ಇಲ್ಲಿಗೆ ಗಾಳಿಯಲ್ಲಿ ಕೂಗೂ ಕೇಳಿಸುವುದಿಲ್ಲ, ಜಾಗಟೆಯೂ ಕೇಳಿಸುವುದಿಲ್ಲ. ನಾನು ಕಿವಿ ಬಿಟ್ಟು ಮುಳುಗಿದೆ. ಮೊದಲು ನನ್ನದೇ ಎದೆ ಡಬಡಬ ಅನ್ನುತ್ತಿತ್ತು. ಆಮೇಲೆ, ಬಹಳ ದೂರದಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ, ಠಣ್. ಸ್ವಲ್ಪ ಬಿಟ್ಟು ಮತ್ತೆ, ಠಣ್.

ಸದ್ದೂ ಅಲೆಯೇ ಎಂದು ನಾವು ಓದಿದ್ದೆವು. ಆದರೆ ಅದು ಸೀರೆಯ ಹಾಗೆ ಮೇಲೆ ಕೆಳಗೆ ಹೋಗುವುದಲ್ಲ. ನಿಮ್ಮ ತಾಯಿಯ ಮುಂಗೈ ತುಂಬ ಬಳೆ ಇದ್ದರೆ ಅಂಗೈ ಕಡೆಯ ಬಳೆಯನ್ನು ಮೆಲ್ಲಗೆ ಒಂದು ಸಲ ನೂಕಿ. ಅದು ಪಕ್ಕದ ಬಳೆಗೆ ತಾಗುತ್ತದೆ, ಪಕ್ಕದ್ದು ಅದರಾಚೆಯದಕ್ಕೆ, ಕೊನೆಗೆ ಮೊಣಕೈ ಹತ್ತಿರದ್ದು ಅಲುಗುತ್ತದೆ. ಯಾವ ಬಳೆಯೂ ತನ್ನ ಜಾಗ ಬಿಟ್ಟು ಹೋಗಿರುವುದಿಲ್ಲ, ನೂಕು ಮಾತ್ರ ಹೋಗಿರುತ್ತದೆ. ನೂಕು ಯಾವ ಕಡೆಗೋ ಅಲುಗಾಟವೂ ಅದೇ ಕಡೆಗೆ. ಇದು ನೀಳ ತರಂಗ. ಬಳೆಗಳು ದೂರ ದೂರ ಇದ್ದರೆ ನೂಕು ನಿಧಾನ, ಒತ್ತಾಗಿ ಬಿಗಿಯಾಗಿದ್ದರೆ ಚುರುಕು. ಗಾಳಿಗಿಂತ ನೀರು ಬಿಗಿ, ಅದಕ್ಕೇ ಸದ್ದು ಗಾಳಿಗಿಂತ ನೀರಿನಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಓಡುತ್ತದೆ, ಮೈಲಿಗಟ್ಟಲೆ ಹೋಗುತ್ತದೆ. ಅಲೆಗೆ ಓಡಾಡಲು ಹೀಗೆ ಒಂದು ಮಾಧ್ಯಮ ಬೇಕು. ಬಿಸಿಲು ಮಾತ್ರ ಏನೂ ಇಲ್ಲದ ಬಯಲಿನಲ್ಲೂ ಅಲೆಯಾಗಿ ಬರುತ್ತದಂತೆ, ನೀರೂ ಬೇಡ, ಗಾಳಿಯೂ ಬೇಡವಂತೆ. ಅದು ಹೇಗೆಂದು ನನಗೆ ಇನ್ನೂ ತಿಳಿದಿಲ್ಲ, ತಿಳಿದವಳ ಹಾಗೆ ಬರೆಯುವುದಿಲ್ಲ.

ಫಕೀರವ್ವನನ್ನು ಮರುದಿನ ಮುಂಜಾನೆ ನೀರಿಗೆ ಇಳಿಸಲು ನನಗೆ ಸಾಕುಸಾಕಾಯಿತು. ಇಳಿದವಳು ಅಭ್ಯಾಸದಂತೆ ಕಿವಿ ಮುಚ್ಚಿ ಮುಳುಗಿ ಎದ್ದಳು.

“ಏನೂ ಇಲ್ಲ. ಅತ್ತಿ ಸೊಸಿ ಇಬ್ಬರಿಗೂ ಹುಚ್ಚು ಹಿಡದೈತಿ.”

“ಕಿವಿ ಬಿಡ್ರಿ, ಅಕ್ಕಾ.”

“ನೀರು ಹೊಕ್ರ?”

“ಹೊಕ್ಕದ್ದು ಹೊರಗೂ ಬರ್ತೈತಿ.”

ಎರಡನೇ ಸಲ ಮುಳುಗಿದವಳು ಬೇಗ ಏಳಲಿಲ್ಲ. ಎದ್ದಳು, ಮುಖ ಒರೆಸಿಕೊಳ್ಳದೆ ಉಸಿರು ತುಂಬಿಕೊಂಡು, ಯಾರೂ ಹೇಳದಿದ್ದರೂ ಮೂರನೇ ಸಲ ಮುಳುಗಿದಳು. ಬಂಗಾರೆವ್ವ ಹೇಳಿದಳು: “ಮೀನಿಗೆ ಬಡಿಯೂದು ಮುಗದ ಮ್ಯಾಲ ಎರಡು ನಿಧಾನ, ಒಂದು ಜಲ್ದಿ ಬಡಿತಾಳ, ಕೇಳಿದ್ರೇನ್ರಿ? ನಾ ಸಣ್ಣಾಕಿ ಇದ್ದಾಗ ಉಣ್ಣಾಕ ಕರಿತಿದ್ದಳು ಹಂಗ. ಈಗೂ ಬಿಟ್ಟಿಲ್ಲ.”

“ಉಡಿ ಬಂತಲ್ಲಕ್ಕಾ,” ಅಂದೆ ನಾನು. ಫಕೀರವ್ವ ಮುಖ ಒರೆಸಿಕೊಂಡು, “ಇದು ಉಡಿ ಹೆಂಗಾತು?” ಅಂದಳು. “ಉಡಿ ಅಂದ್ರ ಅಕ್ಕಿ, ಕೊಬ್ಬರಿ.”

ನಾನು ಅಂದೆ: “ಅಕ್ಕಿ ಕೊಬ್ಬರಿ ತರೂ ಶಕ್ತಿ ಈ ನೀರಿಗೆ ಇಲ್ಲಕ್ಕಾ, ಹೊಳಿ ನಿಂತಾಗ್ಲೇ ಅದು ಹೋತು. ತಾಯಿ ಕೈ ಅಲುಗಿದ್ದನ್ನ ಮಾತ್ರ ತರತೈತಿ. ಆಕಿ ಅಲ್ಲಿ ಕೈ ಎತ್ತಿ ಬಡದಾಳ, ಅದು ಇಲ್ಲಿ ಮಗಳ ಕಿವಿಗೆ ಮುಟ್ಟೈತಿ.”

“ನಡುವ ಯಾರೂ ಮುಟ್ಟಿಲ್ಲ?”

“ಯಾರು ಮುಟ್ಟಾಕ ಸಾಧ್ಯ, ಅಕ್ಕಾ?”

ಅವಳು ಹೊಳೆವ್ವನ ಗುಡಿಯ ಕಡೆಗೆ ನೋಡಿದಳು, ನೀರಿನ ಕಡೆಗೆ ನೋಡಿದಳು. ಆಮೇಲೆ ಬಂಗಾರೆವ್ವನಿಗೆ, “ಸೆರಗು ಒಡ್ಡು,” ಅಂದು ಬೊಗಸೆ ನೀರೆತ್ತಿ ಅವಳ ಸೆರಗಿಗೆ ಹಾಕಿದಳು.

“ದೊಡ್ಡತ್ತಿ, ಇದು ಬಿಳಿಗೊಳ್ಳದ ನೀರಲ್ಲ ಮತ್ತ.”

“ಗೊತ್ತೈತಿ ಸುಮ್ನಿರು, ಶಾಣ್ಯಾಕಿ.”

ದೋಣಿ ಕಟ್ಟಿದಲ್ಲೇ ಉಳಿಯಿತು. ಫಕೀರವ್ವ ಪೂರ್ತಿ ಒಪ್ಪಿದಳೆಂದು ನಾನು ಹೇಳುವುದಿಲ್ಲ. ಬುರುಡೆ ಬಿಡುವುದನ್ನು ನಿಲ್ಲಿಸಬಾರದು ಎಂದು ಈಗಲೂ ಅನ್ನುತ್ತಾಳೆ, ಬಿಡಲಿ. ಉಡಿ ಬಂತೋ ಇಲ್ಲವೋ ಎಂದು ಕೇಳಲು ಮಾತ್ರ ನೀರಿಗೆ ಇಳಿಯುತ್ತಾಳೆ, ಕಿವಿ ಬಿಟ್ಟು. ಅಮಾವಾಸ್ಯೆಗೆ ಮೊದಲೇ, ಹೊರಗೆ ತೆರೆಗಳು ತೆಪ್ಪವನ್ನು ಎತ್ತಿ ಇಳಿಸುತ್ತಿದ್ದಾಗ, ಬಂಗಾರೆವ್ವ ಹೆಣ್ಣು ಹೆತ್ತಳು. ಇಬ್ಬರೂ ಉಳಿದರು. ಅಂಥ ಗಾಳಿಯಲ್ಲಿ ದೋಣಿಯ ಮೇಲಿದ್ದಿದ್ದರೆ ಏನಾಗುತ್ತಿತ್ತೋ, ಅದನ್ನು ನಾನು ಯೋಚಿಸುವುದಿಲ್ಲ.

ಆಮೇಲೆ ಗಾಳಿ ಬಿಟ್ಟ ಒಂದು ಮುಂಜಾನೆ, ದ್ಯಾಮವ್ವನಿಗೆ ಹೆರಿಗೆಯ ಸುದ್ದಿ ಮುಟ್ಟಿಸಲು, ನಾವು ನಮ್ಮ ನೀರು ಕಾಯಿಸುವ ಹಂಡೆಯನ್ನು ಹಗ್ಗ ಕಟ್ಟಿ ನೀರೊಳಗೆ ಇಳಿಬಿಟ್ಟೆವು. ಫಕೀರವ್ವನೇ ಒನಕೆ ಹಿಡಿದಳು. ಎರಡು ನಿಧಾನ, ಒಂದು ಜಲ್ದಿ. ಆಚೆ ಯಾರ ಕಿವಿ ನೀರಿನಲ್ಲಿತ್ತೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಮರುದಿನ ನಾನು ಮುಳುಗಿ ಕೇಳುತ್ತಾ ಇದ್ದೆ. ಕೊಪ್ಪರಿಗೆಯ ಸದ್ದು ಎಂದಿನಂತೆ ಬರುತ್ತಿತ್ತು. ಫಕೀರವ್ವ ಹಂಡೆ ಬಡಿದಳು. ಆಚೆಯ ಸದ್ದು ನಡುವೆಯೇ ನಿಂತಿತು. ನಾನು ಉಸಿರಿಗೆ ಎದ್ದು ಮತ್ತೆ ಮುಳುಗಿದೆ. ಏನೂ ಇಲ್ಲ. ಮತ್ತೆ ಮುಳುಗಿದೆ. ಮೀನು ಕಾಯುತ್ತಿರುವಾಗ ಕೊಡತಿಯನ್ನು ಕೆಳಗಿಟ್ಟು ಒಬ್ಬ ತಾಯಿ ಎಷ್ಟು ಹೊತ್ತು ಅಳಬಲ್ಲಳೋ ಅಷ್ಟು ಹೊತ್ತು ನೀರು ಸುಮ್ಮನಿತ್ತು. ಆಮೇಲೆ ಶುರುವಾಯಿತು ನೋಡಿ, ಹಿಂದೆ ಮುಂದೆ ಇಲ್ಲದ ಬಡಿತ, ಏರು ಇಷ್ಟೆಂದಿಲ್ಲ, ಲೆಕ್ಕಕ್ಕೆ ಸಿಗುವಂಥದಲ್ಲ. ಆ ದಿನ ಬಿಳಿಗೊಳ್ಳದಲ್ಲಿ ಒಂದು ಮೀನೂ ಸಿಕ್ಕಿರಲಿಕ್ಕಿಲ್ಲ.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ನಿಂತ ನೀರಿನೊಳಗೆ ಸದ್ದು ಹೇಗೆ ಬರುತ್ತದೆ ಎಂದು ನನಗೆ ಈಗ ಗೊತ್ತು. ಹರಿಯುವ ಹೊಳೆಯ ಒಳಗೆ ಏನು ಕೇಳಿಸುತ್ತಿತ್ತು ಎಂಬುದು ಇಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅದು ಹರಿಯುತ್ತಿದ್ದಾಗ ನಾವೆಲ್ಲ ಕಿವಿ ಮುಚ್ಚಿಕೊಂಡೇ ಮುಳುಗಿದೆವು. ನಿಮ್ಮ ಹೊಳೆ ಇನ್ನೂ ಹರಿಯುತ್ತಿದೆ. ದಂಡೆಯ ಆಳವಿಲ್ಲದ ನೀರಿನಲ್ಲಿ, ದೊಡ್ಡವರ ಕೈ ಹಿಡಿದುಕೊಂಡು, ಒಮ್ಮೆ ಕಿವಿ ಮುಳುಗಿಸಿ. ಏನು ಕೇಳಿಸಿತು ಎಂದು ಯಾರಿಗಾದರೂ ಹೇಳಿ, ಅವರು ಇನ್ನೊಬ್ಬರಿಗೆ ಹೇಳಲಿ. ಮೊಮ್ಮಗಳು ದೊಡ್ಡವಳಾಗಿ ಕೇಳುವ ಹೊತ್ತಿಗೆ ಅದು ನಮ್ಮವರೆಗೆ ಬಂದರೂ ಬರಬಹುದು.

ನಿಮ್ಮ ನೀರು ತಣ್ಣಗಿರಲಿ.

ಶಾವಂತ್ರವ್ವ